ತಲೆಗೆ ಪೆಟ್ಟು: ಸ್ಕ್ಯಾನ್ ಸರಿಯಿದ್ದರೂ ಮಗುವಿನ ಮೇಲೆ ಕಣ್ಣಿರಲಿ

ಕ್ರಿಕೆಟ್ ಆಡುವಾಗ ಚೆಂಡು ಹಣೆಗೆ ಬಡಿಯಿತು ಅಥವಾ ಸೈಕಲ್‌ನಿಂದ ಬಿದ್ದು ತಲೆ ನೆಲಕ್ಕೆ ತಾಗಿತು. ಮಗು ಸ್ವಲ್ಪ ಅತ್ತು ಎದ್ದು ಕೂತಿತು. ರಕ್ತ ಬರಲಿಲ್ಲ, ಪ್ರಜ್ಞೆ ತಪ್ಪಲಿಲ್ಲ. 'ಸದ್ಯ, ಏನೂ ಆಗಲಿಲ್ಲ' ಎಂದು ನೀವು ಸಮಾಧಾನಪಟ್ಟಿರಿ. ಆದರೆ ಎರಡು ದಿನ ಕಳೆದರೂ ಮಗು ತಲೆನೋವು ಎನ್ನುತ್ತಿದೆ, ಪುಸ್ತಕ ಹಿಡಿದರೆ ಸುಸ್ತಾಗುತ್ತಿದೆ, ಸಣ್ಣ ಮಾತಿಗೂ ಸಿಡುಕುತ್ತಿದೆ. ಆಗ ನಮ್ಮ ಬಾಯಿಂದ ಸುಲಭವಾಗಿ ಬರುವ ಮಾತು: 'ಶಾಲೆ ತಪ್ಪಿಸಲು ನೆಪ.'

ಅದು ನೆಪವಲ್ಲದಿರಬಹುದು. ಕನ್‌ಕಶನ್ ಆಗಿರಬಹುದು.

ಕನ್‌ಕಶನ್ ಎಂದರೇನು?

ಪೆಟ್ಟಿನ ರಭಸಕ್ಕೆ ಮೆದುಳು ತಲೆಬುರುಡೆಯೊಳಗೆ ಅಲುಗಾಡಿ, ಅದರ ಕೆಲಸ ಕೆಲಕಾಲ ಏರುಪೇರಾಗುವ ಸ್ಥಿತಿಯೇ ಕನ್‌ಕಶನ್. ಸಿಟಿ ಸ್ಕ್ಯಾನ್ ರಕ್ತಸ್ರಾವವನ್ನೂ ಬುರುಡೆಯ ಬಿರುಕನ್ನೂ ತೋರಿಸುತ್ತದೆ. ಕನ್‌ಕಶನ್ ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ 'ಸ್ಕ್ಯಾನ್ ನಾರ್ಮಲ್' ಎಂದರೆ ದೊಡ್ಡ ಅಪಾಯವಿಲ್ಲ ಎಂದರ್ಥ, ಮಗು ಪೂರ್ತಿ ಸರಿಯಾಗಿದೆ ಎಂದಲ್ಲ. ಹೆಚ್ಚಿನ ಮಕ್ಕಳಿಗೆ ಪ್ರಜ್ಞೆಯೂ ತಪ್ಪುವುದಿಲ್ಲ.

ತಲೆನೋವು, ತಲೆಸುತ್ತು, ಓಕರಿಕೆ, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು, ಮಂಕುತನ, ಮರೆವು, ನಿದ್ದೆಯಲ್ಲಿ ಏರುಪೇರು, ಕಾರಣವಿಲ್ಲದ ಅಳು ಅಥವಾ ಸಿಟ್ಟು ಇದರ ಲಕ್ಷಣಗಳು. ಕೆಲವು ಕೂಡಲೇ, ಕೆಲವು ಒಂದೆರಡು ದಿನದ ಬಳಿಕ ಕಾಣಿಸುತ್ತವೆ. ಹೇಳಿಕೊಳ್ಳಲಾಗದ ಪುಟ್ಟ ಮಕ್ಕಳಾದರೆ ಊಟ, ಆಟ, ನಿದ್ದೆ ಎಂದಿನಂತಿವೆಯೇ ಎಂದು ನೋಡಿ.

ಕೂಡಲೇ ಆಸ್ಪತ್ರೆಗೆ ಒಯ್ಯಿರಿ

ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ತೊದಲು ಮಾತು, ಕೈಕಾಲುಗಳಲ್ಲಿ ಬಲವಿಲ್ಲದಿರುವುದು, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೆ ತಿಳಿನೀರು ಬರುವುದು, ಒಂದು ಕಣ್ಣಿನ ಪಾಪೆ ಮತ್ತೊಂದಕ್ಕಿಂತ ದೊಡ್ಡದಾಗಿರುವುದು. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ.

ಎಷ್ಟು ದಿನದಲ್ಲಿ ಗುಣವಾದೀತು?

ಹೆತ್ತವರೆಲ್ಲ ಕೇಳುವ ಪ್ರಶ್ನೆಯಿದು. ಕೆನಡಾದ ವೈದ್ಯ ರೋಜರ್ ಜೆಮೆಕ್ ಮತ್ತು ಸಂಗಡಿಗರು ಇದಕ್ಕೆ ಉತ್ತರ ಹುಡುಕಿದರು. ಅಲ್ಲಿನ ಒಂಬತ್ತು ಮಕ್ಕಳ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ, 5ರಿಂದ 17 ವರ್ಷದ ಸುಮಾರು ಮೂರು ಸಾವಿರ ಮಕ್ಕಳನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹತ್ತರಲ್ಲಿ ಸುಮಾರು ಮೂರು ಮಕ್ಕಳಿಗೆ ನಾಲ್ಕು ವಾರವಾದರೂ ತೊಂದರೆ ಉಳಿದಿತ್ತು. ಉಳಿದವರು ಅಷ್ಟರೊಳಗೆ ಚೇತರಿಸಿಕೊಂಡಿದ್ದರು.

ಯಾರಿಗೆ ತಡವಾಗಬಹುದು ಎಂದು ಊಹಿಸಲು ಅವರು ಒಂಬತ್ತು ಅಂಶಗಳನ್ನು ಗುರುತಿಸಿದರು: ಹೆಣ್ಣುಮಗುವಾಗಿರುವುದು, ವಯಸ್ಸು, ಅದರಲ್ಲೂ 13 ದಾಟಿರುವುದು, ಮೊದಲಿನಿಂದ ಮೈಗ್ರೇನ್ ಇರುವುದು, ಹಿಂದೆಯೂ ಕನ್‌ಕಶನ್ ಆಗಿ ವಾರಕ್ಕಿಂತ ಹೆಚ್ಚು ಕಾಲ ಕಾಡಿರುವುದು, ತಲೆನೋವು, ಸದ್ದು ಸಹಿಸಲಾಗದಿರುವುದು, ಸುಸ್ತು, ಪ್ರಶ್ನೆಗೆ ನಿಧಾನವಾಗಿ ಉತ್ತರಿಸುವುದು, ಒಂದರ ಹಿಂದೆ ಒಂದು ಪಾದವಿಟ್ಟು ಕಣ್ಣು ಮುಚ್ಚಿ ನಿಂತಾಗ ಪದೇ ಪದೇ ತೂಕ ತಪ್ಪುವುದು. ಇವಕ್ಕೆ ಅಂಕ ಕೊಟ್ಟು ಕೂಡಿದರೆ 12ರವರೆಗೆ ಬರುತ್ತದೆ. ಅಂಕ ಹೆಚ್ಚಿದಷ್ಟೂ ಚೇತರಿಕೆ ತಡವಾಗುವ ಸಂಭವ ಹೆಚ್ಚು. ಇದು ಖಚಿತ ಭವಿಷ್ಯವಲ್ಲ, ಅಂದಾಜು ಮಾತ್ರ. ಆದರೂ ಯಾವ ಮಗುವಿನ ಮೇಲೆ ಹೆಚ್ಚು ನಿಗಾ ಬೇಕು ಎಂಬುದನ್ನು ಮೊದಲೇ ತಿಳಿಸುತ್ತದೆ.

ಮೈಗ್ರೇನ್ ಮತ್ತು ಹಳೆಯ ಪೆಟ್ಟಿನ ವಿಚಾರ ವೈದ್ಯರಿಗೆ ಗೊತ್ತಾಗುವುದು ನಿಮ್ಮಿಂದಲೇ. ಮರೆಯದೆ ಹೇಳಿ. ಹದಿಹರೆಯದ ಮಗಳ ತಲೆನೋವನ್ನು ಮನೆಗೆಲಸದ ಗಡಿಬಿಡಿಯಲ್ಲಿ ಕಡೆಗಣಿಸಬೇಡಿ.

ಮನೆಯಲ್ಲಿ ಏನು ಮಾಡಬೇಕು?

ಮೊದಲ ಒಂದೆರಡು ದಿನ ವಿಶ್ರಾಂತಿ ಇರಲಿ. ಹಾಗೆಂದು ಕತ್ತಲ ಕೋಣೆಯಲ್ಲಿ ಮಲಗಿಸಬೇಡಿ. ಮನೆಯೊಳಗೆ ಓಡಾಡಲಿ, ಮಾತಾಡಲಿ. ಮೊಬೈಲ್ ಮತ್ತು ಟಿವಿಯನ್ನು ಮಾತ್ರ ಮೊದಲ 48 ಗಂಟೆ ಆದಷ್ಟು ದೂರವಿಡಿ. ವೈದ್ಯರು ನೋಡಿ, ಅಪಾಯವಿಲ್ಲ ಎಂದ ಮೇಲೆ ನಿದ್ದೆಗೆ ಬಿಡಲು ಹೆದರಬೇಕಿಲ್ಲ.

ಆಮೇಲೆ ದಿನವೂ ಸ್ವಲ್ಪ ನಡಿಗೆ ಒಳ್ಳೆಯದು. ತಲೆನೋವು ಹೆಚ್ಚಿದರೆ ನಿಲ್ಲಿಸಿ. ಶಾಲೆ, ಮದ್ರಸಗಳಿಗೆ ಮೊದಲು ಅರ್ಧ ದಿನ ಕಳಿಸಿ. ಅಧ್ಯಾಪಕರಿಗೂ ಉಸ್ತಾದರಿಗೂ ವಿಷಯ ತಿಳಿಸಿ, ಓದು ಮತ್ತು ಬಾಯಿಪಾಠದ ಹೊರೆಯನ್ನು ಕೆಲದಿನ ಇಳಿಸಲು ಕೇಳಿಕೊಳ್ಳಿ.

ಆಟದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಪೆಟ್ಟು ಬಿದ್ದ ದಿನ ಮತ್ತೆ ಮೈದಾನಕ್ಕೆ ಇಳಿಯಬಾರದು. ಲಕ್ಷಣಗಳು ಪೂರ್ತಿ ಮಾಯವಾಗಿ, ವೈದ್ಯರು ಒಪ್ಪುವವರೆಗೂ ತಲೆಗೆ ಪೆಟ್ಟು ಬೀಳಬಹುದಾದ ಆಟ, ಸೈಕಲ್ ಸವಾರಿ ಬೇಡ. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೇ ಪೆಟ್ಟು ಹೆಚ್ಚು ಅಪಾಯಕಾರಿ.

ನಾಲ್ಕು ವಾರ ಕಳೆದರೂ ತೊಂದರೆ ಉಳಿದಿದ್ದರೆ ಮತ್ತೆ ವೈದ್ಯರಲ್ಲಿಗೆ ಹೋಗಿ. ಅಲ್ಲಿಯವರೆಗೆ ಮಗು 'ತಲೆನೋಯುತ್ತಿದೆ' ಎಂದಾಗ ಗದರಿಸಬೇಡಿ, ನಂಬಿ. ಯಾವ ಸ್ಕ್ಯಾನೂ ತೋರಿಸದ ಈ ಗಾಯವನ್ನು ಹೇಳಲು ಅದಕ್ಕಿರುವುದು ತನ್ನ ಮಾತೊಂದೇ.