ಪಾಸ್‌ವರ್ಡ್ ಮರೆತರೆ ಫೈಲು ಹೋದಂತಲ್ಲ

"ಪಾಸ್‌ವರ್ಡ್ ಮರ್ತಿದ್ದೀರಲ್ಲ ಮೇಡಂ, ಫಾರ್ಮ್ಯಾಟ್ ಹೊಡೀಲೇಬೇಕು. ಒಳಗಿರೋದು ಯಾವ್ದೂ ಉಳಿಯಲ್ಲ."

ರಿಪೇರಿ ಅಂಗಡಿಯಲ್ಲಿ ಈ ಮಾತು ಕೇಳಿದ ನನ್ನ ಸೋದರತ್ತೆ ಏನೂ ಹೇಳದೆ ಸಿಪಿಯುವನ್ನು ಆಟೋದಲ್ಲಿ ಇಟ್ಟುಕೊಂಡು ಮನೆಗೆ ವಾಪಸು ಬಂದರು. ಅವರು ನಿವೃತ್ತ ಶಿಕ್ಷಕಿ. ಊರೂರು ತಿರುಗಿ, ಹಿರಿಯ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ಮದುವೆ ಹಾಡುಗಳನ್ನೆಲ್ಲ ನುಡಿಯಲ್ಲಿ ಟೈಪ್ ಮಾಡಿ ಅದರಲ್ಲಿಟ್ಟಿದ್ದರು. ಕಣ್ಣಿನ ಆಪರೇಷನ್ ಆದಮೇಲೆ ಕೆಲವು ವರ್ಷ ಕಂಪ್ಯೂಟರ್ ಮುಟ್ಟಿರಲಿಲ್ಲ, ಪಾಸ್‌ವರ್ಡ್ ಮರೆತುಹೋಗಿತ್ತು. ಹಾಡುಗಳು ಮಾತ್ರ ಇದ್ದಲ್ಲೇ ಇದ್ದವು. ಅಂಗಡಿಯಲ್ಲಿ "ಹೂಂ" ಅಂದುಬಿಟ್ಟಿದ್ದರೆ ಅವತ್ತೇ ಹೋಗಿಬಿಡುತ್ತಿದ್ದವು. ಆ ಸಂಕಟ ಬೇರೆ ಮನೆಗಳಿಗೆ ಬರಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ, ಪಾಸ್‌ವರ್ಡ್ ಇಲ್ಲದೆ ಫೈಲು ಸಿಗುವುದೇ ಇಲ್ಲ ಎಂಬುದು. ಪಾಸ್‌ವರ್ಡ್ ಕೇಳುವುದು ವಿಂಡೋಸ್. ಆ ವಿಂಡೋಸೇ ಏಳದಿದ್ದರೆ ಕೇಳುವವರೇ ಇರುವುದಿಲ್ಲ. ಎಕ್ಸ್‌ಪಿ, ವಿಸ್ತಾ, ವಿಂಡೋಸ್ 7 ಕಾಲದ ಮನೆಬಳಕೆಯ ಕಂಪ್ಯೂಟರುಗಳಲ್ಲಿ ಫೈಲುಗಳು ಹಾರ್ಡ್ ಡಿಸ್ಕಿನ ಮೇಲೆ ಸಾಮಾನ್ಯವಾಗಿ ಬಿಚ್ಚಿಟ್ಟ ಪುಸ್ತಕದಂತೆ ಇರುತ್ತವೆ. ಇಡೀ ಡಿಸ್ಕನ್ನು ಗೂಢಲಿಪಿಗೆ ತಿರುಗಿಸುವ ಬಿಟ್‌ಲಾಕರ್ ವಿಸ್ತಾದ ಜೊತೆಗೇ ಬಂದಿತ್ತು, ನಿಜ. ಆದರೆ ವಿಂಡೋಸ್ 7ರಲ್ಲಿ ಅದನ್ನು ಹಾಕಿಕೊಳ್ಳುವ ಸೌಲಭ್ಯವಿದ್ದದ್ದು ಅಲ್ಟಿಮೇಟ್, ಎಂಟರ್‌ಪ್ರೈಸ್ ಆವೃತ್ತಿಗಳಲ್ಲಿ ಮಾತ್ರ. ಅತ್ತೆಯದು ಹೋಮ್ ಬೇಸಿಕ್.

ನಾವು ಮಾಡಿದ್ದು ಇಷ್ಟು. ಬೇರೊಂದು ಕಂಪ್ಯೂಟರಿನಲ್ಲಿ 8 ಜಿಬಿ ಪೆನ್‌ಡ್ರೈವಿಗೆ ಲಿನಕ್ಸ್ ಮಿಂಟ್ ಹಾಕಿದೆವು. ಅದನ್ನು ಹಳೆಯ ಯಂತ್ರಕ್ಕೆ ಚುಚ್ಚಿ, ಆನ್ ಆಗುವಾಗ ಬೂಟ್ ಮೆನು ತೆರೆದು ಪೆನ್‌ಡ್ರೈವ್ ಆರಿಸಿದೆವು. ಕೆಲವು ಯಂತ್ರಗಳಲ್ಲಿ ಅದಕ್ಕೆ ಎಫ್12 ಒತ್ತಬೇಕು, ಕೆಲವದರಲ್ಲಿ ಎಸ್ಕೇಪ್ ಅಥವಾ ಎಫ್8. ಲಿನಕ್ಸ್ ಪೆನ್‌ಡ್ರೈವಿನಿಂದಲೇ ಓಡುತ್ತದೆ, ಡಿಸ್ಕಿನ ಮೇಲೆ ಏನನ್ನೂ ಬರೆಯುವುದಿಲ್ಲ. ಪರದೆಯ ಮೇಲೆ ಕಾಣುವ "ಇನ್‌ಸ್ಟಾಲ್" ಗುರುತನ್ನು ಮಾತ್ರ ಮುಟ್ಟಲೇಬೇಡಿ, ಡಿಸ್ಕ್ ಅಳಿಸಿಹೋದೀತು. ವಿಂಡೋಸ್ ಇರುವ ಡ್ರೈವ್ ತೆರೆದು, "ಯೂಸರ್ಸ್" ಫೋಲ್ಡರಿನೊಳಗೆ ಅವರವರ ಹೆಸರಿನಲ್ಲಿ ಹುಡುಕಿದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲ ಅಲ್ಲೇ ಇರುತ್ತವೆ. ಎಕ್ಸ್‌ಪಿಯಲ್ಲಾದರೆ ಅದರ ಹೆಸರು "ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್". ಬೇಕಾದದ್ದನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿಕೊಂಡರಾಯಿತು.

ಯಂತ್ರವೇ ಆನ್ ಆಗದಿದ್ದರೂ ದಾರಿಯಿದೆ. ಡಿಸ್ಕ್ ಬಿಚ್ಚಿ ಯುಎಸ್‌ಬಿ ಕನ್ವರ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಬಹುದು. ಲ್ಯಾಪ್‌ಟಾಪಿನ ಪುಟ್ಟ ಡಿಸ್ಕಿಗೆ ಯುಎಸ್‌ಬಿ ಕರೆಂಟೇ ಸಾಕು. ಡೆಸ್ಕ್‌ಟಾಪಿನ ದಪ್ಪ ಡಿಸ್ಕಿಗೆ 12 ವೋಲ್ಟ್ ಅಡಾಪ್ಟರ್ ಬೇಕು, ಕನ್ವರ್ಟರ್ ಕೊಳ್ಳುವಾಗ ಅದು ಜೊತೆಗಿದೆಯೇ ನೋಡಿ. ಹೀಗೆ ಇನ್ನೊಂದು ವಿಂಡೋಸಿಗೆ ಜೋಡಿಸಿದಾಗ "ನಿಮಗೆ ಅನುಮತಿ ಇಲ್ಲ" ಎಂಬ ಸಂದೇಶ ಬಂದರೆ ಡಿಸ್ಕ್ ಕೆಟ್ಟಿತೆಂದು ಗಾಬರಿಯಾಗಬೇಡಿ. ಆ ಫೋಲ್ಡರ್ ಹಳೆಯ ಖಾತೆಯ ಹೆಸರಿನಲ್ಲಿದೆ ಎಂದಷ್ಟೇ ಅರ್ಥ. "ಕಂಟಿನ್ಯೂ" ಒತ್ತಿದರೆ ಬಹಳಷ್ಟು ಸಲ ತೆರೆದುಕೊಳ್ಳುತ್ತದೆ.

"ಮೊದಲು ಪಾಸ್‌ವರ್ಡ್ ತೆಗೆಸಿ, ಆಮೇಲೆ ಫೈಲು ನೋಡೋಣ" ಎನ್ನುವವರಿದ್ದಾರೆ. ನನಗೆ ಇದು ತಿರುಗುಮುರುಗಾದ ಸಲಹೆ ಅನ್ನಿಸುತ್ತದೆ. ಪಾಸ್‌ವರ್ಡನ್ನು ಬಲವಂತವಾಗಿ ಬದಲಿಸಿದರೆ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು, ವಿಂಡೋಸಿನದೇ ಇಎಫ್ಎಸ್ ವ್ಯವಸ್ಥೆಯಿಂದ ಗೂಢಲಿಪಿಯಾದ ಫೈಲುಗಳು ಕೈತಪ್ಪುವ ಅಪಾಯವಿದೆ. ಅವುಗಳ ಕೀಲಿ ಹಳೆಯ ಪಾಸ್‌ವರ್ಡಿಗೇ ಅಂಟಿಕೊಂಡಿರುತ್ತದೆ. ಮೊದಲು ಕಾಪಿ, ಆಮೇಲೆ ಉಳಿದದ್ದು.

ಹಾಗೆಂದು ಈ ಉಪಾಯ ಎಲ್ಲ ಕಂಪ್ಯೂಟರುಗಳಲ್ಲೂ ನಡೆಯುತ್ತದೆ ಎಂದು ತಿಳಿಯುವುದೂ ತಪ್ಪೇ. ವಿಂಡೋಸ್ 8.1ರಿಂದ ಈಚೆಗೆ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಯಾಗುತ್ತದೆ. ಅಲ್ಲಿ ಲಿನಕ್ಸ್ ಹಾಕಿದರೂ ಪ್ರಯೋಜನವಿಲ್ಲ, 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ಸಾಮಾನ್ಯವಾಗಿ ಅದು ಆ ಖಾತೆಯಲ್ಲೇ ಉಳಿದಿರುತ್ತದೆ, ಅಲ್ಲಿ ಹುಡುಕಿ. ಇನ್ನೊಬ್ಬರ ಯಂತ್ರವನ್ನು ಅವರ ಒಪ್ಪಿಗೆಯಿಲ್ಲದೆ ಹೀಗೆ ತೆರೆಯುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧವಾಗಬಹುದು ಎಂಬುದೂ ನೆನಪಿರಲಿ.

ಈಗಾಗಲೇ ಫಾರ್ಮ್ಯಾಟ್ ಹೊಡೆದುಬಿಟ್ಟಿದ್ದರೆ? ಆಗಲೂ ಎಲ್ಲ ಮುಗಿಯಿತು ಅನ್ನಬೇಕಾಗಿಲ್ಲ. ಕ್ವಿಕ್ ಫಾರ್ಮ್ಯಾಟಿನಲ್ಲಿ ಅಳಿಯುವುದು ವಿಷಯಸೂಚಿ, ಪುಟಗಳು ಉಳಿದಿರುತ್ತವೆ. ಅವುಗಳ ಮೇಲೆ ಹೊಸದನ್ನು ಬರೆಯುವವರೆಗೆ ಮಾತ್ರ. ತಕ್ಷಣ ಯಂತ್ರ ಆಫ್ ಮಾಡಿ, ಡಿಸ್ಕನ್ನು ಬೇರೆಡೆ ಜೋಡಿಸಿ, ಫೋಟೋರೆಕ್‌ನಂಥ ಉಚಿತ ಸಾಫ್ಟ್‌ವೇರಿನಿಂದ ಹುಡುಕಬಹುದು. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಉಳಿಸಬಾರದು. ಎಸ್‌ಎಸ್‌ಡಿಯಾಗಿದ್ದರೆ ಮಾತ್ರ ಆಸೆ ಬಹಳ ಕಡಿಮೆ. ಇನ್ನು, ಕಟಕಟ ಸದ್ದು ಮಾಡುವ ಹಾರ್ಡ್ ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಒಳಗೆ ತೇವ ಕಟ್ಟಿ ಇರುವುದೂ ಹಾಳಾಗುತ್ತದೆ. ಅದನ್ನು ಪದೇ ಪದೇ ಆನ್ ಮಾಡದೆ ಡೇಟಾ ರಿಕವರಿ ಬಲ್ಲವರಿಗೆ ಕೊಡಿ.

ಅತ್ತೆಯ ಫೈಲುಗಳು ಅರ್ಧ ಗಂಟೆಯಲ್ಲಿ ಕಾಪಿಯಾದವು. ಒಂದನ್ನು ತೆರೆದರೆ ಪರದೆಯ ತುಂಬ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. "ಎಲ್ಲ ಕೆಟ್ಟೋಯ್ತಾ?" ಅಂದ ಅವರ ದನಿ ನಡುಗುತ್ತಿತ್ತು. ಕನ್ನಡಿಗರ ಹಳೆಯ ಕಂಪ್ಯೂಟರುಗಳಲ್ಲಿ ಇದೊಂದು ವಿಶೇಷ ತಪ್ಪು ತಿಳಿವಳಿಕೆ. ಯೂನಿಕೋಡ್ ರೂಢಿಗೆ ಬರುವ ಮುಂಚೆ ನುಡಿ, ಬರಹದಲ್ಲಿ ಟೈಪ್ ಮಾಡಿದ್ದು ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಹೀಗೆ ಕಂಡಿತೆಂದು ಡಿಲೀಟ್ ಮಾಡಿಬಿಟ್ಟವರನ್ನು ನಾನು ಬಲ್ಲೆ. ಹಳೆಯ ನುಡಿ ಫಾಂಟ್ ಹಾಕಿದೊಡನೆ ಹಾಡುಗಳು ಸಾಲುಸಾಲಾಗಿ ಎದ್ದು ನಿಂತವು.

ಈಗ ಅವನ್ನು ಯೂನಿಕೋಡಿಗೆ ಬದಲಾಯಿಸುತ್ತಿದ್ದೇವೆ. ಬದಲಾಯಿಸುವಾಗ ಅಲ್ಲಲ್ಲಿ ಒತ್ತಕ್ಷರ ತಪ್ಪುತ್ತದೆ. ತಪ್ಪಿದಲ್ಲೆಲ್ಲ ಅತ್ತೆ ಆ ಸಾಲನ್ನು ಹಾಡಿ ತೋರಿಸುತ್ತಾರೆ, ನಾನು ತಿದ್ದುತ್ತೇನೆ. ಇನ್ನೂ ನಲವತ್ತು ಹಾಡು ಬಾಕಿ ಇವೆ.