ಕಳಚಿಕೊಳ್ಳದ ಮಾಸು

ಮಗು ಹುಟ್ಟಿದ ಮೇಲೆ ಮಾಸು ಸಾಮಾನ್ಯವಾಗಿ ತಾನಾಗಿ ಕಳಚಿ ಬೀಳುತ್ತದೆ. ಅದನ್ನು ಬಿಡಿಸಿಕೊಡುವುದು ಗರ್ಭಕೋಶದ ಒಳಪೊರೆ. ಹಿಂದಿನ ಸಿಸೇರಿಯನ್ನಿನ ಕಲೆಯಲ್ಲಿ ಆ ಪೊರೆ ತೀರ ತೆಳುವಾಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಮುಂದಿನ ಬಸಿರಿನಲ್ಲಿ ಮಾಸು ಅಲ್ಲಿಯೇ ನೆಲೆಗೊಂಡರೆ ಸ್ನಾಯುವಿನೊಳಕ್ಕೆ, ಕೆಲವೊಮ್ಮೆ ಮೂತ್ರಕೋಶದವರೆಗೂ ಇಳಿಯಬಲ್ಲುದು. ಇದೇ ಪ್ಲಾಸೆಂಟಾ ಅಕ್ರೀಟಾ. ಇಂಥ ಮಾಸನ್ನು ಎಳೆದು ತೆಗೆಯಲು ಹೋದರೆ ಲೀಟರುಗಟ್ಟಲೆ ರಕ್ತ ಹರಿದೀತು.

2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮಾಸು ಗರ್ಭಕೋಶದ ಬಾಯಿಗೆ ಅಡ್ಡಲಾಗಿದ್ದವರ ಪೈಕಿ ಮೊದಲ ಸಿಸೇರಿಯನ್ನಿನಲ್ಲಿ ಶೇ. 3, ಎರಡನೆಯದರಲ್ಲಿ ಶೇ. 11, ಮೂರನೆಯದರಲ್ಲಿ ಶೇ. 40 ಮಂದಿಯಲ್ಲಿ ಇದು ಕಂಡುಬಂದಿತ್ತು.

ಸ್ಟಾಕ್‌ಪೋರ್ಟಿನಂಥ ಊರುಗಳಲ್ಲಿ ನೆಲೆಸಿದ ನಮ್ಮವರಲ್ಲಿ ಮೊದಲ ಹೆರಿಗೆ ತವರಿನಲ್ಲಿ, ಎರಡನೆಯದು ಇಲ್ಲಿ ಆಗುವುದುಂಟು. ಡಿಸ್ಚಾರ್ಜ್ ಪತ್ರ ಮಾತ್ರ ತವರಿನ ಬೀರುವಿನಲ್ಲೇ ಉಳಿದಿರುತ್ತದೆ! ಮಿಡ್‌ವೈಫಿನ ಮೊದಲ ಭೇಟಿಯಲ್ಲೇ ಸಿಸೇರಿಯನ್, ಫೈಬ್ರಾಯ್ಡ್ ಶಸ್ತ್ರಕ್ರಿಯೆ, ಡಿ ಅಂಡ್ ಸಿ ಎಲ್ಲವನ್ನೂ ತಿಳಿಸಬೇಕು. ಅತ್ತೆಯವರ ಎದುರು ಸಂಕೋಚವಾದರೆ ಏಕಾಂತದಲ್ಲಿ ಹೇಳಬಹುದು. ಕಲೆಯ ವಿಷಯ ತಿಳಿದಿದ್ದರೆ 20 ವಾರಗಳ ಸ್ಕ್ಯಾನ್ ಮಾಡುವವರ ಗಮನ ಅತ್ತ ಹರಿಯುತ್ತದೆ: ಮಾಸಿನೊಳಗೆ ರಕ್ತ ತುಂಬಿದ ಪೊಳ್ಳುಗಳು, ಅದರ ಹಿಂದೆ ತೆಳುವಾದ ಸ್ನಾಯು, ಮೂತ್ರಕೋಶದತ್ತ ಚಾಚಿದ ರಕ್ತನಾಳಗಳು. ಅನುಮಾನ ಉಳಿದರೆ ಎಂಆರ್‌ಐ ನೆರವಾಗುತ್ತದೆ.

ತೊಡಕಿಲ್ಲದಿದ್ದರೆ ಹೆರಿಗೆಯನ್ನು 35ರಿಂದ 37 ವಾರಗಳ ನಡುವೆ, ಸಾಕಷ್ಟು ರಕ್ತವೂ ಅನುಭವಿ ತಂಡವೂ ಇರುವ ಕೇಂದ್ರದಲ್ಲಿ ನಡೆಸುತ್ತಾರೆ. ಮಾಸನ್ನು ತಪ್ಪಿಸಿ ಕೊಯ್ದು ಮಗುವನ್ನು ಹೊರತೆಗೆದು, ಮಾಸನ್ನು ಮುಟ್ಟದೆ ಗರ್ಭಕೋಶವನ್ನೇ ತೆಗೆಯುವುದು ಹೆಚ್ಚು ರೂಢಿ. ಅಂಟಿದ ಭಾಗವಷ್ಟನ್ನೇ ಕತ್ತರಿಸಿ ಗರ್ಭಕೋಶ ಉಳಿಸುವುದು ಆಯ್ದ ಕೆಲವರಲ್ಲಿ ಸಾಧ್ಯ. ಇನ್ನೊಂದು ಮಗು ಬೇಕೆಂಬ ಆಸೆಯಿದ್ದರೆ ಆ ಮಾತನ್ನು ಶಸ್ತ್ರಕ್ರಿಯೆಗೆ ವಾರಗಳ ಮೊದಲೇ, ಗಂಡಹೆಂಡಿರಿಬ್ಬರೂ ಕುಳಿತು ವೈದ್ಯರೊಡನೆ ಆಡಬೇಕು.