ಮೊದಲು ನೀರಿಗೆ ಹಾರದವರು
ಬಸ್ಸು ನಾಲೆ ಏರಿ ಹತ್ತಿತೆಂದರೆ ಇವತ್ತಿಗೂ ನನ್ನ ಕಣ್ಣು ತುರ್ತು ಬಾಗಿಲನ್ನು ಹುಡುಕುತ್ತದೆ. ನಮ್ಮ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ 2018ರ ನವೆಂಬರ್ 24ರಂದು ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಶನಿವಾರ, ಶಾಲೆ ಮುಗಿಸಿ ಹೊರಟ ಮಕ್ಕಳೂ ಅದರಲ್ಲಿದ್ದರು. ಸುದ್ದಿ ತಿಳಿದು ಮೊದಲು ನೀರಿಗಿಳಿದವರು ಊರಿನವರೇ.

ಶ್ರೀರಂಗಪಟ್ಟಣದ ಬಸ್‌ ಸ್ಟ್ಯಾಂಡಿನಲ್ಲಿ ಪರಿಚಯವಾದ 108 ಆಂಬುಲೆನ್ಸ್‌ನ ಅಣ್ಣ, 'ನಾನಾಗಿದ್ರೆ ಹಾರ್ತಿರ್ಲಿಲ್ಲ' ಎಂದಾಗ ನನಗೆ ಸಿಟ್ಟೇ ಬಂತು. 'ನಾನೂ ಮುಳುಗಿದ್ರೆ ಮೇಲೆ ಬಂದೋರನ್ನ ಯಾರಪ್ಪ ನೋಡೋರು?' ಎಂದರು.

ನಾಲೆಯಿರಲಿ, ತುಂಡಾದ ಕರೆಂಟ್ ತಂತಿಯಿರಲಿ, ಮೊದಲು ದೂರ ನಿಂತು ನೋಡಬೇಕಂತೆ. ಗ್ಯಾಸ್ ಟ್ಯಾಂಕರ್ ಉರುಳಿದ್ದರೆ ಗಾಳಿ ನಮ್ಮ ಬೆನ್ನಿಗೆ ಬೀಸುವ ಕಡೆ ನಿಲ್ಲಬೇಕು. ಅಪಾಯದೊಳಗೆ ಇಳಿಯುವುದು ಅಗ್ನಿಶಾಮಕ ದಳದ ಕೆಲಸ. ಎಷ್ಟು ಜನ, ಇನ್ನೆಷ್ಟು ಆಂಬುಲೆನ್ಸ್ ಬೇಕು ಎಂದು ತಿಳಿಸಿ, ಆಮೇಲೆ ಗಾಯಾಳುಗಳಿಗೆ ಕೆಂಪು, ಹಳದಿ, ಹಸಿರು, ಕಪ್ಪು ಗುರುತು. ಜೋರಾಗಿ ಕೂಗುವವರು ಮೊದಲಲ್ಲ. ಕೂಗಲೂ ಆಗದವರು ಮೊದಲು.

'ಕಪ್ಪು ಕಟ್ಟುವಾಗ?' ಎಂದೆ. ಅಣ್ಣ ಮಾತು ಬದಲಿಸಿದರು.

ನಮ್ಮೂರಲ್ಲಿ ಮುಳುಗಿದವರನ್ನು ತಲೆಕೆಳಗು ಹಿಡಿದು ಹೊಟ್ಟೆ ಅಮುಕುವುದುಂಟು. ಅದು ತಪ್ಪು. ಉಸಿರು ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಬಳಿಕ ಎದೆ ಒತ್ತಬೇಕು. 108 ಬರುವ ತನಕ ಅಲ್ಲಿರುವುದು ನಾವೇ ತಾನೆ? ಬಿ.ಇ. ಮೂರನೇ ವರ್ಷಕ್ಕೆ ಬಂದರೂ ನನಗಿದು ಗೊತ್ತಿರಲಿಲ್ಲ. ಕಾಲೇಜಿನ ಪ್ರಥಮ ಚಿಕಿತ್ಸೆ ತರಬೇತಿಗೆ ಹೆಸರು ಬರೆಸಿದ್ದೇನೆ. ಈಜು ಇನ್ನೂ ಬರುವುದಿಲ್ಲ.